ಊಟದ ಪಾರ್ಸಲ್ ಕವರ್, ಡಬ್ಬಿಗಳ ಗುಣಮಟ್ಟದ ಬಗ್ಗೆ ಹೈಕೋರ್ಟಿಗೆ ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಹಾಕಬಹುದಾ?

ಪ್ರಶ್ನೆ: ವಿನೋಬನಗರ ಅಡುಗೆಮನೆ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಸಣ್ಣ ಮೆಸ್ ನಡೆಸುತ್ತೇನೆ. ಕಾಲೇಜು ಹುಡುಗರು, ಬ್ಯಾಂಕಿನವರು, ಮಕ್ಕಳು ಬೆಂಗಳೂರಿನಲ್ಲಿದ್ದು ಇಲ್ಲಿ ಒಬ್ಬೊಬ್ಬರೇ ಇರುವ ಹಿರಿಯರು, ಇವರೇ ನಮ್ಮ ಗಿರಾಕಿಗಳು. ಅರ್ಧ ಜನ ಬಂದು ಕೂತು ಊಟ ಮಾಡುತ್ತಾರೆ. ಉಳಿದವರಿಗೆ ಪಾರ್ಸಲ್. ನನ್ನ ಪ್ರಶ್ನೆ ಇರುವುದು ಈ ಪಾರ್ಸಲ್ ಬಗ್ಗೆ.

ಸಾರು, ಹುಳಿ, ಪಲ್ಯ ಕಟ್ಟಿಕೊಡುವ ಕವರ್ ಮತ್ತು ಡಬ್ಬಿಗಳನ್ನು ನಾನು ಗಾಂಧಿ ಬಜಾರ್ ಕಡೆಯಿಂದ ಹೋಲ್‌ಸೇಲ್‌ನಲ್ಲಿ ತರುತ್ತೇನೆ. ಬಂಡಲ್ ಮೇಲೆ ಕಂಪನಿ ಹೆಸರು ಇರುವುದಿಲ್ಲ. ಯಾವ ಪ್ಲಾಸ್ಟಿಕ್, ಎಷ್ಟು ಬಿಸಿ ತಡೆಯುತ್ತದೆ, ಯಾರು ಪರೀಕ್ಷೆ ಮಾಡಿದ್ದಾರೆ, ಒಂದಕ್ಕೂ ಉತ್ತರ ಇಲ್ಲ. ಡಬ್ಬಿಯ ತಳದಲ್ಲಿ ತ್ರಿಕೋನ, ಅದರೊಳಗೆ 5 ಅಂತ ಇದ್ದರೆ ಪಾಲಿಪ್ರೊಪಿಲೀನ್, ಬಿಸಿಗೆ ಪರವಾಗಿಲ್ಲ ಅಂತ ಗೊತ್ತು. ಆದರೆ ಎಷ್ಟೋ ಡಬ್ಬಿಗಳಲ್ಲಿ ತ್ರಿಕೋನವೇ ಇಲ್ಲ. ಅಂಗಡಿಯವರನ್ನು ಕೇಳಿದರೆ "ಎಲ್ಲಾ ಫುಡ್ ಗ್ರೇಡೇ ಅಕ್ಕಾ, ಊರಲ್ಲಿ ಎಲ್ರೂ ಇದನ್ನೇ ಒಯ್ತಾರೆ" ಅನ್ನುತ್ತಾರೆ. ಅವರಿಗೂ ಗೊತ್ತಿಲ್ಲ ಅನ್ನೋದು ಮುಖ ನೋಡಿದರೇ ತಿಳಿಯುತ್ತದೆ.

ಕುದಿಯುವ ಸಾರನ್ನು ಸೌಟಿನಲ್ಲಿ ತೆಳು ಕವರ್‌ಗೆ ಹಾಕಿ ನೋಡಿ. ಹಾಕುತ್ತಿದ್ದ ಹಾಗೇ ಕವರ್ ಮೆತ್ತಗಾಗಿ ಜೋಲುತ್ತದೆ. ಕೆಳಗಿನ ಎರಡು ಮೂಲೆ ಸೆಟೆದುಕೊಳ್ಳುತ್ತವೆ. ಬಾಯಿ ತಿರುಚಿ ದಾರ ಕಟ್ಟುವಾಗ ಹಬೆಯ ಜೊತೆ ಮೇಣ ಕರಗಿದಂಥ ವಾಸನೆ ಬರುತ್ತದೆ. ಅಚ್ಚು ಹಾಕಿದ ಕವರ್ ಆದರೆ ಅದರ ಕೆಂಪು ಬಣ್ಣ ಹೆಬ್ಬೆರಳಿಗೆ ಹತ್ತುತ್ತದೆ. ಇದನ್ನು ನೋಡಿದ ದಿನದಿಂದ ಬಿಸಿ ಸಾರನ್ನು ಕವರ್‌ಗೆ ಹಾಕುವುದನ್ನೇ ನಿಲ್ಲಿಸಿದ್ದೇನೆ. ಸ್ಟೀಲ್ ಕ್ಯಾರಿಯರ್ ತಂದವರಿಗೆ ಐದು ರೂಪಾಯಿ ಕಡಿಮೆ. ಸುಮಾರು ಜನ ತರುತ್ತಾರೆ. ಆದರೆ ಆಷಾಢದ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬ್ಯಾಗ್ ಹಿಡಿದು ಬರುವ ಹುಡುಗರಿಗೆ ಕ್ಯಾರಿಯರ್ ತನ್ನಿ ಅಂತ ಎಷ್ಟು ದಿನ ಹೇಳಲಿ? ಅವರಿಗೆ ಡಬ್ಬಿಯಲ್ಲೇ ಕೊಡಬೇಕು. ಆ ಡಬ್ಬಿ ಎಂಥದ್ದು ಅಂತ ನನಗೆ ಗೊತ್ತಿರಬೇಕು ಅಲ್ವಾ?

2025ರ ಫೆಬ್ರವರಿ ಕೊನೆಯಲ್ಲಿ ಇಡ್ಲಿ ವಿಷಯ ದೊಡ್ಡ ಸುದ್ದಿಯಾಗಿದ್ದು ನಿಮಗೆಲ್ಲ ನೆನಪಿರಬಹುದು. ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದರು. ಆರೋಗ್ಯ ಇಲಾಖೆಯವರು ತಪಾಸಣೆ ಮಾಡಿದಾಗ 50ಕ್ಕೂ ಹೆಚ್ಚು ಕಡೆ ಇದು ಸಿಕ್ಕಿತ್ತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಇದನ್ನು ನಿಲ್ಲಿಸುತ್ತೇವೆ ಅಂತ ಹೇಳಿದರು. ಒಳ್ಳೆಯದೇ ಆಯಿತು, ನಮ್ಮ ರಸ್ತೆಯ ಗಾಡಿಗಳಲ್ಲಿ ಬಿಳಿ ಬಟ್ಟೆ ವಾಪಸ್ ಬಂತು. ಆದರೆ ಆ ಬಿಸಿ ಇಡ್ಲಿಯನ್ನು ಕಟ್ಟುವ ಕವರ್? ಜೊತೆಗೆ ಕೊಡುವ ಚಟ್ನಿಯ ಪೊಟ್ಟಣ? ಕರಿದ ಬಜ್ಜಿ ಇಡುವ ನ್ಯೂಸ್ ಪೇಪರ್? ಎಣ್ಣೆ ಹೀರಿದ ಪೇಪರ್ ತೆಗೆದು ನೋಡಿದರೆ ಬಜ್ಜಿಯ ಮೇಲೆ ಅಕ್ಷರ ತಿರುವುಮುರುವಾಗಿ ಮೂಡಿರುತ್ತದೆ. ಮಕ್ಕಳು ಅದನ್ನೇ ತಿನ್ನುತ್ತಾರೆ.

ನನ್ನ ಹತ್ತಿರ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಇದೆ. 14 ಅಂಕಿಯ ನಂಬರ್ ಗೋಡೆ ಮೇಲೆ ಹಾಕಿದ್ದೇನೆ. ಅಧಿಕಾರಿಗಳು ಬಂದರೆ ನೀರು, ಎಣ್ಣೆ, ಸ್ವಚ್ಛತೆ ನೋಡುತ್ತಾರೆ, ನೋಡಲಿ. ಡಬ್ಬಿಗೆ ದಾಖಲೆ ಎಲ್ಲಿ ಅಂತ ಕೇಳಿದರೆ ಸಿಕ್ಕಿಬೀಳುವವಳು ನಾನು. ಅದನ್ನು ಮಾಡಿದವರು, ಲಾರಿಗಟ್ಟಲೆ ಮಾರಿದವರು ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮ ಬೀದಿಯ ನಾಲ್ಕೈದು ಮೆಸ್‌ನವರು ಮಾತಾಡಿಕೊಂಡಿದ್ದೇವೆ. ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿ, ಇದಕ್ಕೊಂದು ಕಟ್ಟುನಿಟ್ಟಿನ ಮಾನದಂಡ ತನ್ನಿ ಅಂತ ಕೇಳಬಹುದಾ? ನಮ್ಮಂಥವರ ಅರ್ಜಿ ತಗೊಳ್ತಾರಾ? ಖರ್ಚು ಎಷ್ಟು? ತಿಳಿದವರು ಹೇಳಿ.

ಉತ್ತರ: ತುಂಗಾ ತೀರ

ಕೋರ್ಟು ಕಚೇರಿ ಎಲ್ಲ ಸುಮ್ನೆ ಓಡಾಟ ಅಕ್ಕಾ. ನಮ್ಮ ಅಜ್ಜಿ ಕಾಲದಲ್ಲಿ ಬಾಳೆ ಎಲೆ, ಮುತ್ತುಗದ ಎಲೆಯಲ್ಲೇ ಎಲ್ಲ ನಡೀತಿತ್ತು. ಮೆಸ್‌ನವರೆಲ್ಲ ಸೇರಿ ಬಾಳೆ ಎಲೆಗೆ ಬನ್ನಿ. ಪ್ಲಾಸ್ಟಿಕ್ ತಾನಾಗೇ ಹೋಗುತ್ತದೆ.

ಉತ್ತರ: ಬಾಲರಾಜ್ ಅರಸ್ ರಸ್ತೆ ವಕೀಲ

ಮೇಡಂ, ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ನಾನು ಇಲ್ಲೇ ಶಿವಮೊಗ್ಗದಲ್ಲಿ ವಕೀಲಿ ಮಾಡುತ್ತೇನೆ. ಹಾಕಬಹುದಾ ಅಂದರೆ ಖಂಡಿತ ಹಾಕಬಹುದು. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬೇಕು. ನಮ್ಮ ಜಿಲ್ಲೆ ಧಾರವಾಡ ಪೀಠಕ್ಕೆ ಸೇರುವುದಿಲ್ಲ, ಬೆಂಗಳೂರಿನ ಪ್ರಧಾನ ಪೀಠಕ್ಕೇ ಹೋಗಬೇಕು. ನೇರವಾಗಿ ನೊಂದವರೇ ಬರಬೇಕು ಅನ್ನುವ ಹಳೆಯ ಕಟ್ಟುಪಾಡು 1981ರ ಎಸ್.ಪಿ. ಗುಪ್ತಾ ಪ್ರಕರಣದಲ್ಲೇ ಸಡಿಲವಾಗಿದೆ. ಆದರೆ ಪಿಐಎಲ್ ದುರ್ಬಳಕೆ ಜಾಸ್ತಿಯಾದ ಮೇಲೆ, 2010ರ ಬಲವಂತ್ ಸಿಂಗ್ ಚೌಫಾಲ್ ತೀರ್ಪಿನಲ್ಲಿ, ಎಲ್ಲ ಹೈಕೋರ್ಟುಗಳೂ ಇದಕ್ಕೆ ನಿಯಮ ಮಾಡಿಕೊಳ್ಳಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕ ಹೈಕೋರ್ಟಿನ ನಿಯಮ ಬಂದದ್ದು 2018ರಲ್ಲಿ. ಅರ್ಜಿದಾರರು ಯಾರು, ಅವರಿಗೆ ಇದರಲ್ಲಿ ಸ್ವಂತ ಲಾಭ ಏನಾದರೂ ಇದೆಯಾ ಅನ್ನೋದನ್ನು ಕೋರ್ಟ್ ಮೊದಲು ನೋಡುತ್ತದೆ. ನೀವು ಮೆಸ್ ನಡೆಸುವವರು ಅನ್ನೋದನ್ನು ಮುಚ್ಚಿಡಬೇಡಿ, ಮೊದಲ ಪುಟದಲ್ಲೇ ಬರೆಯಿರಿ. ಊಟ ಮಾಡುವ ಗಿರಾಕಿಗಳೂ ಜೊತೆಗೆ ಸಹಿ ಹಾಕಿದರೆ ಇನ್ನೂ ಒಳ್ಳೆಯದು.

ಇನ್ನು ಮುಖ್ಯ ಮಾತು. "ಮಾನದಂಡ ತನ್ನಿ" ಅಂತ ಕೇಳಿದರೆ ಅರ್ಜಿ ಮೊದಲ ದಿನವೇ ಬಿದ್ದುಹೋಗಬಹುದು. ಯಾಕೆಂದರೆ ಮಾನದಂಡ ಇದೆ. 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ಅಸುರಕ್ಷಿತ ಆಹಾರ ಅಂದರೆ ಏನು ಅಂತ ಹೇಳುವಾಗಲೇ, ವಿಷಕಾರಿ ವಸ್ತುವಿನಿಂದ ಮಾಡಿದ ಪೊಟ್ಟಣವೂ ಸೇರಿದೆ. ತಿನ್ನುವ ಪದಾರ್ಥ ಎಷ್ಟೇ ಚೆನ್ನಾಗಿರಲಿ, ಕಟ್ಟಿದ ಸಾಮಾನು ಕೆಟ್ಟದಾದರೆ ಅದು ಅಸುರಕ್ಷಿತವೇ. ಅದರ ಮೇಲೆ 2018ರ ಪ್ಯಾಕೇಜಿಂಗ್ ನಿಯಮಾವಳಿ ಇದೆ, 2019ರ ಜುಲೈ 1ರಿಂದ ಜಾರಿಯಲ್ಲಿದೆ. ನ್ಯೂಸ್ ಪೇಪರ್‌ನಲ್ಲಿ ಆಹಾರ ಕಟ್ಟಬಾರದು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಅದಕ್ಕೂ ಮೊದಲು 2016ರಲ್ಲಿ, ಆಮೇಲೆ 2023ರಲ್ಲಿ ಎಫ್‌ಎಸ್‌ಎಸ್‌ಎಐ ಬೇರೆಯಾಗಿ ಎಚ್ಚರಿಕೆಯನ್ನೂ ಕೊಟ್ಟಿದೆ. ಬಜ್ಜಿ ಅಂಗಡಿಯಲ್ಲಿ ಪೇಪರ್ ಇನ್ನೂ ಇದೆ ಅಂದರೆ ಕೊರತೆ ಇರುವುದು ನಿಯಮದಲ್ಲಲ್ಲ, ಜಾರಿಯಲ್ಲಿ.

ನೀವು ಹೇಳಿದ "ಸಿಕ್ಕಿಬೀಳುವವಳು ನಾನು" ಅನ್ನೋ ಮಾತು ಕಾನೂನಿನ ಪ್ರಕಾರ ಪೂರ್ತಿ ನಿಜ. ಬಳಸುವ ಸಾಮಾನಿಗೆ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನ ಪ್ರಮಾಣಪತ್ರವನ್ನು ಆಹಾರ ವ್ಯಾಪಾರ ಮಾಡುವವರು ಪಡೆದಿರಬೇಕು ಅಂತ ಅದೇ ನಿಯಮಾವಳಿ ಹೇಳುತ್ತದೆ. ದೊಡ್ಡ ಬಿಸ್ಕೆಟ್ ಕಂಪನಿಗೆ ಇದು ಕಷ್ಟವಲ್ಲ. ದಿನಕ್ಕೆ ನೂರು ಊಟ ಮಾರುವವರು ಬಂಡಲ್ ಬಂಡಲ್‌ಗೂ ಪ್ರಮಾಣಪತ್ರ ಎಲ್ಲಿಂದ ತರಬೇಕು? ಕೋರ್ಟಿನ ಮುಂದೆ ಇಡಬೇಕಾದ ಪ್ರಶ್ನೆ ಇದು. ಇದರಲ್ಲಿ ಹುರುಳಿದೆ.

ಎರಡು ಹಳೆಯ ಪ್ರಕರಣ ಹೇಳುತ್ತೇನೆ. ತಂಪು ಪಾನೀಯಗಳಲ್ಲಿ ಏನೇನಿದೆ ಅಂತ ಪರಿಶೀಲಿಸಲು ಸ್ವತಂತ್ರ ತಜ್ಞರ ಸಮಿತಿ ಮಾಡಿ ಅಂತ ಸೆಂಟರ್ ಫಾರ್ ಪಬ್ಲಿಕ್ ಇಂಟರೆಸ್ಟ್ ಲಿಟಿಗೇಶನ್ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2013ರ ಅಕ್ಟೋಬರ್ 22ರಂದು ತೀರ್ಪು ಬಂತು. ಅಪಾಯವಿಲ್ಲದ ಆಹಾರ ಸಿಗುವುದು 21ನೇ ವಿಧಿಯ ಬದುಕುವ ಹಕ್ಕಿಗೇ ಸೇರಿದ್ದು ಅಂತ ಕೋರ್ಟ್ ಹೇಳಿತು. ಆದರೆ ಹೊಸ ಸಮಿತಿ ಮಾಡಲಿಲ್ಲ. ಕಾಯ್ದೆ ಇದೆ, ಪ್ರಾಧಿಕಾರ ಇದೆ, ಅವರೇ ನೋಡಲಿ, ಕಾಲಕಾಲಕ್ಕೆ ತಪಾಸಣೆ ಮಾಡಲಿ ಅಂತ ಹೇಳಿ ಮುಗಿಸಿತು.

ಇನ್ನೊಂದು ನಮ್ಮ ಮಲೆನಾಡಿನವರಿಗೆ ಚೆನ್ನಾಗಿ ಗೊತ್ತಿರುವ ವಿಷಯ, ಗುಟ್ಕಾ ಸ್ಯಾಶೆ. ಇಂಡಿಯನ್ ಅಸ್ತಮಾ ಕೇರ್ ಸೊಸೈಟಿ ಅನ್ನುವ ಸಂಸ್ಥೆ ರಾಜಸ್ಥಾನ ಹೈಕೋರ್ಟಿಗೆ ಹೋಗಿ, ಆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಬಂತು. 2011ರ ಮಾರ್ಚ್‌ನಿಂದ ಗುಟ್ಕಾ, ತಂಬಾಕು, ಪಾನ್ ಮಸಾಲಾಗೆ ಪ್ಲಾಸ್ಟಿಕ್ ಪೊಟ್ಟಣ ಬಳಸಬಾರದು ಅಂತ 2010ರ ಡಿಸೆಂಬರ್ 7ರಂದು ಆದೇಶವಾಯಿತು. 2011ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪ್ಲಾಸ್ಟಿಕ್ ತ್ಯಾಜ್ಯ ನಿಯಮ ಹೊರಡಿಸಿತು. ಆ ದಿನಗಳಲ್ಲಿ ನಮ್ಮ ತೋಟದ ಮನೆಗಳಲ್ಲಿ ಅಡಿಕೆ ರೇಟಿನ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಒಂದು ಪೊಟ್ಟಣದ ಮೇಲಿನ ವ್ಯಾಜ್ಯ ಸರ್ಕಾರವನ್ನೂ ಅಲ್ಲಾಡಿಸುತ್ತದೆ, ರೈತನ ಮನೆಯ ಲೆಕ್ಕವನ್ನೂ ಅಲ್ಲಾಡಿಸುತ್ತದೆ. ಹಾಗಾಗಿ ಕೋರ್ಟಿನಲ್ಲಿ ಏನು ಕೇಳಬೇಕು ಅನ್ನೋದನ್ನು ಎರಡು ಸಲ ಯೋಚಿಸಿ.

ಮೊದಲು ಮಾಡಬೇಕಾದ್ದು ಇಷ್ಟು. ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ, ಬೆಂಗಳೂರಿನ ಆಹಾರ ಸುರಕ್ಷತಾ ಆಯುಕ್ತರಿಗೆ ಲಿಖಿತ ಮನವಿ ಕೊಡಿ. ಸ್ವೀಕೃತಿ ತಗೊಳ್ಳದೆ ಬರಬೇಡಿ. ಉತ್ತರ ಬಂದರೆ ಆ ಹಿಂಬರಹ ಇಟ್ಟುಕೊಳ್ಳಿ. ಬರದಿದ್ದರೆ ಅದೂ ನಿಮ್ಮ ಅರ್ಜಿಗೆ ಆಧಾರವೇ. ಖರ್ಚಿನ ಬಗ್ಗೆ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಒಮ್ಮೆ ವಿಚಾರಿಸಿ.

ವಿನೋಬನಗರ ಅಡುಗೆಮನೆ

ವಕೀಲರೇ, ತುಂಬಾ ಥ್ಯಾಂಕ್ಸ್. ಮಾನದಂಡ ಇದೆ, ಅದನ್ನು ನೋಡುವವರಿಲ್ಲ ಅನ್ನೋದು ಈಗ ಸ್ಪಷ್ಟವಾಯಿತು. ಅಂದರೆ ನಾವು ಕೇಳಬೇಕಾದ್ದು ಹೊಸ ನಿಯಮ ಅಲ್ಲ. ಡಬ್ಬಿ ಮಾಡುವ ಜಾಗದಲ್ಲೇ ಪರೀಕ್ಷೆ ಆಗಲಿ, ಅದರ ಗುರುತು ಡಬ್ಬಿ ಮೇಲೇ ಇರಲಿ, ಹೋಲ್‌ಸೇಲ್ ಅಂಗಡಿಯವರು ಬಿಲ್ ಜೊತೆ ಆ ಕಾಗದದ ಪ್ರತಿ ಕೊಡಲಿ ಅನ್ನೋದು.

ತುಂಗಾ ತೀರ ಅವರೇ, ಬಾಳೆ ಎಲೆ ನನಗೂ ಇಷ್ಟ. ಚಪಾತಿ, ಪಲ್ಯ, ಚಿತ್ರಾನ್ನ ಈಗಲೂ ಬಾಡಿಸಿದ ಎಲೆಯಲ್ಲೇ ಕಟ್ಟುತ್ತೇನೆ. ಆದರೆ ಸಾರು ಎಲೆಯಲ್ಲಿ ನಿಲ್ಲುವುದಿಲ್ಲ, ಮಜ್ಜಿಗೆಯೂ ಅಷ್ಟೇ. ಹಬ್ಬ ಬಂತೆಂದರೆ ಎಲೆಯ ರೇಟು ಎಲ್ಲಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತು. ಕಾಲೇಜು ಹುಡುಗರಿಗೆ ಆ ರೇಟಿನಲ್ಲಿ ಊಟ ಕೊಡೋಕೆ ಆಗಲ್ಲ.

ಉತ್ತರ: ಹಾಳೆ ತಟ್ಟೆ, ಸಾಗರ

ಅಕ್ಕಾ, ನಾನು ಸಾಗರದ ಹತ್ತಿರ ಅಡಿಕೆ ಹಾಳೆ ತಟ್ಟೆ ಮಾಡುವವನು. ಸಣ್ಣ ಘಟಕ, ಮನೆಯವರೇ ಕೆಲಸಗಾರರು. ತೋಟದಲ್ಲಿ ಬಿದ್ದ ಹಾಳೆ ಆರಿಸಿ ತರ್ತೀವಿ, ಬ್ರಶ್ ಹಾಕಿ ತೊಳೆದು, ನೀರಲ್ಲಿ ನೆನೆಸಿ, ಕಾದ ಅಚ್ಚಿನಲ್ಲಿ ಒತ್ತುತ್ತೀವಿ. ಬಣ್ಣ, ಅಂಟು, ಕೆಮಿಕಲ್ ಏನೂ ಇಲ್ಲ. ಪ್ಲಾಸ್ಟಿಕ್‌ಗೆ ಬದಲು ನಮ್ಮದೇ ಅಂತ ಹೆಮ್ಮೆಯಿಂದ ಹೇಳ್ತಿದ್ವಿ.

2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳನ್ನು ಬಂದರಿನಲ್ಲೇ ತಡೆಯಬಹುದು ಅಂತ ಎಚ್ಚರಿಕೆ ಹೊರಡಿಸಿತು. ಅಡಿಕೆ ಮರದಲ್ಲಿ ಸಹಜವಾಗಿ ಇರುವ ಅರೆಕೋಲಿನ್‌ನಂಥ ಅಂಶಗಳು ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಅನ್ನೋದು ಅವರ ಕಾರಣ. ಸುದ್ದಿ ಕೇಳಿ ಇಲ್ಲಿ ಎಲ್ಲರಿಗೂ ಸಿಟ್ಟು ಬಂತು. ನನಗೂ ಬಂತು. ನಾವು ಸಣ್ಣವರಿದ್ದಾಗಿಂದ ಹಾಳೆಯಲ್ಲಿ ಊಟ ಮಾಡಿದ್ದೀವಿ. ಆದರೆ ಸಿಟ್ಟು ಇಳಿದ ಮೇಲೆ ಯೋಚನೆ ಬಂತು. ಬಿಸಿ ಹುಳಿ ಹಾಕಿ ಅರ್ಧ ಗಂಟೆ ಬಿಟ್ಟರೆ ಹಾಳೆಯಿಂದ ಏನು, ಎಷ್ಟು ಇಳಿಯುತ್ತದೆ ಅಂತ ನನ್ನ ಕೈಯಲ್ಲಿ ಒಂದು ಕಾಗದ ಇದೆಯಾ? ಇಲ್ಲ. ಮಳೆಗಾಲದಲ್ಲಿ ಸರಿಯಾಗಿ ಒಣಗದ ಹಾಳೆಗೆ ಬೂಷ್ಟು ಹಿಡಿಯುತ್ತದೆ. ನಾನು ಅದನ್ನು ಬಿಸಾಡ್ತೀನಿ. ಎಲ್ಲರೂ ಬಿಸಾಡ್ತಾರಾ?

ಕೃಷಿ ಉಪ ಉತ್ಪನ್ನಗಳಿಂದ ಮಾಡಿದ ತಟ್ಟೆ ಲೋಟಗಳಿಗೆ 2023ರಲ್ಲಿ ಬಿಐಎಸ್‌ನವರು (ಭಾರತೀಯ ಮಾನಕ ಬ್ಯೂರೋ) ಐಎಸ್ 18267 ಅಂತ ಒಂದು ಮಾನಕ ತಂದಿದ್ದಾರೆ. ನಮ್ಮ ಕಡೆ ಸಣ್ಣ ಘಟಕದವರಲ್ಲಿ ಇದನ್ನು ಕೇಳಿದವರೇ ಕಡಿಮೆ. ಪರೀಕ್ಷೆಗೆ ಮಾದರಿ ಕಳಿಸಬೇಕೆಂದರೆ ಮೈಸೂರೋ ಬೆಂಗಳೂರೋ ಆಗಬೇಕು.

ನನ್ನ ಬೇಡಿಕೆ ಒಂದೇ. ನಿಮ್ಮ ಅರ್ಜಿಯಲ್ಲಿ ಪ್ಲಾಸ್ಟಿಕ್ ಕೆಟ್ಟದ್ದು, ಎಲೆ ಒಳ್ಳೆಯದು ಅಂತ ಬರೆಯಬೇಡಿ. ಊಟಕ್ಕೆ ತಾಗುವ ಸಾಮಾನು ಯಾವುದೇ ಆಗಲಿ, ಒಂದೇ ತಕ್ಕಡಿಯಲ್ಲಿ ತೂಗಲಿ. ನಮ್ಮ ತಟ್ಟೆ ಪಾಸಾದರೆ ಆ ಕಾಗದ ಹಿಡಿದು ಎಲ್ಲಿ ಬೇಕಾದರೂ ಮಾರ್ತೀವಿ. ತೊಂದರೆ ಇದ್ದರೆ ಎಲ್ಲಿ ಸರಿ ಮಾಡಬೇಕು ಅಂತ ಗೊತ್ತಾಗುತ್ತದೆ. ಶಿವಮೊಗ್ಗದಲ್ಲೇ ಒಂದು ಪರೀಕ್ಷಾ ಕೇಂದ್ರ ಬೇಕು ಅಂತ ದಯವಿಟ್ಟು ಸೇರಿಸಿ. ಇಷ್ಟು ಹಾಳೆ ತಟ್ಟೆ ಮಾಡುವ ಜಿಲ್ಲೆಗೆ ಅದು ಜಾಸ್ತಿ ಕೇಳಿದ ಹಾಗೆ ಅಲ್ಲ.

ಉತ್ತರ: ಕೊಪ್ಪದವ, ಈಗ ಮೈಸೂರು

ಪರೀಕ್ಷೆ ಅಂದರೆ ಏನು ಅಂತ ಸ್ವಲ್ಪ ಹೇಳುತ್ತೇನೆ, ನಾನು ಲ್ಯಾಬಿನಲ್ಲಿ ಕೆಲಸ ಮಾಡುವವನು. ಪ್ಯಾಕಿಂಗ್ ಸಾಮಾನಿನಿಂದ ಆಹಾರಕ್ಕೆ ಒಟ್ಟು ಎಷ್ಟು ಇಳಿಯಬಹುದು ಅನ್ನೋದಕ್ಕೆ 2018ರ ನಿಯಮಾವಳಿಯಲ್ಲಿ ಮಿತಿ ಇದೆ. ಒಂದು ಕೆಜಿ ಆಹಾರಕ್ಕೆ 60 ಮಿಲಿಗ್ರಾಂ, ಇಲ್ಲವೇ ಸಾಮಾನಿನ ಒಂದು ಚದರ ಡೆಸಿಮೀಟರ್‌ಗೆ 10 ಮಿಲಿಗ್ರಾಂ. ಇದರ ಜೊತೆ ಬೇರಿಯಂ, ಕೋಬಾಲ್ಟ್, ಸತು ಮುಂತಾದವಕ್ಕೆ ಬೇರೆ ಬೇರೆ ಮಿತಿ. ಪರೀಕ್ಷೆಯ ವಿಧಾನ ಬಿಐಎಸ್‌ನ ಐಎಸ್ 9845 ಅನ್ನುವ ಮಾನಕದಲ್ಲಿದೆ.

ನಾವು ನಿಜವಾದ ಸಾರು ಹಾಕಿ ನೋಡುವುದಿಲ್ಲ. ಆಹಾರದ ಬದಲಿಗೆ ಅದರಂತೆ ವರ್ತಿಸುವ ದ್ರವ ಹಾಕುತ್ತೇವೆ. ನೀರಿನಂಥ ಪದಾರ್ಥಕ್ಕೆ ಶುದ್ಧ ನೀರು, ಹುಳಿ ಪದಾರ್ಥಕ್ಕೆ 3% ಅಸಿಟಿಕ್ ಆಮ್ಲ, ಎಣ್ಣೆ ಪದಾರ್ಥಕ್ಕೆ ಹೆಪ್ಟೇನ್ ಅನ್ನುವ ದ್ರಾವಕ. ಮಾಮೂಲಿ ಹವೆಯಲ್ಲಿ ತುಂಬಾ ದಿನ ಇಡುವ ಪದಾರ್ಥ ಆದರೆ 40 ಡಿಗ್ರಿಯಲ್ಲಿ 10 ದಿನ ಇಟ್ಟು, ಆಮೇಲೆ ದ್ರವ ಆವಿ ಮಾಡಿ ಉಳಿದದ್ದನ್ನು ತೂಗುತ್ತೇವೆ. ಬಿಸಿ ತುಂಬುವ ಡಬ್ಬಿಗೆ ಪರೀಕ್ಷೆಯ ಉಷ್ಣತೆಯೂ ಬೇರೆ, ಹೊತ್ತೂ ಬೇರೆ.

ಇದನ್ನು ಯಾಕೆ ಹೇಳಿದೆ ಅಂದರೆ, ಸುಮ್ನೆ "ಫುಡ್ ಗ್ರೇಡ್" ಅನ್ನುವ ಮಾತಿಗೆ ಅರ್ಥವಿಲ್ಲ. ನೀರಿನಲ್ಲಿ ಪಾಸಾದ ಕವರ್ ಎಣ್ಣೆಯಲ್ಲಿ ಫೇಲಾಗಬಹುದು. ಅವಲಕ್ಕಿ ತುಂಬಲು ಸರಿಯಾದ ಕವರ್ ಕುದಿಯುವ ಹುಳಿಗೆ ಸರಿಯಲ್ಲ. ಯಾರಾದರೂ ಸರ್ಟಿಫಿಕೇಟ್ ತೋರಿಸಿದರೆ ಯಾವ ದ್ರವದಲ್ಲಿ, ಎಷ್ಟು ಡಿಗ್ರಿಯಲ್ಲಿ, ಎಷ್ಟು ಹೊತ್ತು ಅನ್ನೋದನ್ನು ಮೊದಲು ನೋಡಿ. ಲ್ಯಾಬಿನ ಎನ್‌ಎಬಿಎಲ್ ನಂಬರ್, ಮಾದರಿಯ ವಿವರ, ತಾರೀಖು ಇಲ್ಲದಿದ್ದರೆ ಅದನ್ನು ನಂಬಬೇಡಿ. ಅರ್ಜಿಯಲ್ಲೂ ಇದನ್ನೇ ಕೇಳಿ: "ಬಿಸಿ ಪದಾರ್ಥಕ್ಕೆ", "ಎಣ್ಣೆ ಪದಾರ್ಥಕ್ಕೆ" ಅಂತ ಕನ್ನಡದಲ್ಲಿ ಬಂಡಲ್ ಮೇಲೆ ಅಚ್ಚಾಗಲಿ.

ಪೇಪರ್ ಲೋಟವನ್ನೂ ಬಿಡಬೇಡಿ. ಪೇಪರ್ ಅಂತ ಹೆಸರು, ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ. 15 ನಿಮಿಷ ಬಿಸಿ ನೀರು ಇಟ್ಟಾಗ 100 ಮಿಲಿ ನೀರಿಗೆ ಸುಮಾರು 25,000 ಪ್ಲಾಸ್ಟಿಕ್ ಕಣ ಬರುತ್ತವೆ ಅಂತ ಐಐಟಿ ಖರಗ್‌ಪುರದವರು 2020ರಲ್ಲಿ ತೋರಿಸಿದ್ದಾರೆ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ (ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ) ಪ್ಯಾಕೇಜಿಂಗ್‌ಗೇ ಒಂದು ವಿಭಾಗ ಇದೆ. ಹಾಳೆ ತಟ್ಟೆಯವರು ನಾಲ್ಕಾರು ಘಟಕ ಸೇರಿ ಅಲ್ಲಿ ವಿಚಾರಿಸಿದರೆ ಖರ್ಚು ಹಂಚಿಕೊಳ್ಳಬಹುದು.

ವಿನೋಬನಗರ ಅಡುಗೆಮನೆ

ಎಲ್ಲರ ಉತ್ತರವನ್ನೂ ಮೆಸ್‌ನವರಿಗೆ ಓದಿ ಹೇಳಿದೆ. ಮೊದಲು ಮನವಿ, ಜೊತೆಗೇ ಮಾಹಿತಿ ಹಕ್ಕಿನ ಅರ್ಜಿ, ಆಮೇಲೆ ಕೋರ್ಟ್ ಅಂತ ತೀರ್ಮಾನ ಮಾಡಿದ್ದೇವೆ. ಮಾಹಿತಿ ಹಕ್ಕಿನಲ್ಲಿ ಕೇಳಲು ಬರೆದುಕೊಂಡದ್ದು ಇದು: "2019ರ ಜುಲೈ 1ರಿಂದ ಇವತ್ತಿನವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿ ಆಹಾರ ಪ್ಯಾಕಿಂಗ್ ಸಾಮಾನಿನ ಎಷ್ಟು ಮಾದರಿ ತೆಗೆದಿದ್ದೀರಿ? ತಾಲ್ಲೂಕುವಾರು ವಿವರ ಕೊಡಿ. ಯಾವ ಲ್ಯಾಬಿಗೆ ಕಳಿಸಿದ್ದೀರಿ? ವರದಿಗಳ ಪ್ರತಿ ಕೊಡಿ. ಕವರ್, ಡಬ್ಬಿ ತಯಾರಿಸುವ ಅಥವಾ ಸಗಟು ಮಾರುವ ಎಷ್ಟು ಜನರ ಮೇಲೆ ಕ್ರಮ ಆಗಿದೆ?"

ಹಾಳೆ ತಟ್ಟೆ ತಮ್ಮಾ, ನಿನ್ನ ಮಾತು ಮನಸ್ಸಿಗೆ ತಾಗಿತು. ಪರೀಕ್ಷಾ ಕೇಂದ್ರದ ಬೇಡಿಕೆಯನ್ನು ಮನವಿಯ ಮೊದಲ ಸಾಲಿಗೇ ಹಾಕುತ್ತೇವೆ, ನಿನ್ನ ಘಟಕದವರ ಸಹಿಯೂ ಇರಲಿ.

ಬಾಲರಾಜ್ ಅರಸ್ ರಸ್ತೆ ವಕೀಲ

ಪ್ರಶ್ನೆಗಳು ಚೆನ್ನಾಗಿವೆ ಮೇಡಂ. ಎರಡು ವಿಷಯ ಗಮನದಲ್ಲಿರಲಿ. ನಮ್ಮ ರಾಜ್ಯದ ನಿಯಮದಲ್ಲಿ ಮಾಹಿತಿ ಹಕ್ಕಿನ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ದಾಟಬಾರದು. ನಿಮ್ಮದು ಅಷ್ಟರೊಳಗೇ ಇದೆ, ಪೀಠಿಕೆ ಸೇರಿಸಲು ಹೋಗಬೇಡಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಮತ್ತೆ, ನೀವು ಈಗ ಬಳಸುತ್ತಿರುವ ಡಬ್ಬಿ, ಕವರ್‌ಗಳಲ್ಲಿ ಒಂದೊಂದು ಬಂಡಲ್ ಒಡೆಯದೆ ಹಾಗೇ ತೆಗೆದಿಡಿ. ಬಿಲ್ ಕೇಳಿ ತಗೊಳ್ಳಿ, ತಾರೀಖು ಇರಲಿ. ಪ್ರಕರಣ ನಡೆದರೆ ಮೊದಲು ಬೇಕಾಗುವುದು ಅದೇ.